ಬೈಬಲ್ ಜೊತೆಗೆ ಬಂದೂಕು: ಕಾನ್ಸಾಸ್‌ನ ಒಂದು ಚರ್ಚಿಗೆ ಈ ಹೆಸರು ಹೇಗೆ ಬಂತು?

ಅಮೆರಿಕದ ನಡುಮಧ್ಯದಲ್ಲಿ ಕಾನ್ಸಾಸ್ ಅಂತ ಒಂದು ರಾಜ್ಯ ಇದೆ. ಅಲ್ಲಿ ವಬಾನ್ಸಿ ಅನ್ನೋ ಪುಟ್ಟ ಊರು. ಊರು ಅನ್ನೋದಕ್ಕಿಂತ ಒಂದಷ್ಟು ಮನೆಗಳ ಗುಂಪು ಅನ್ನಬಹುದು. ರಸ್ತೆ ಪಕ್ಕ ಸುಣ್ಣಕಲ್ಲಿನಲ್ಲಿ ಕಟ್ಟಿದ ಒಂದು ಹಳೆಯ ಚರ್ಚ್ ನಿಂತಿದೆ. ಗೋಪುರ, ಬಣ್ಣದ ಗಾಜು ಇಂಥ ಆಡಂಬರ ಇಲ್ಲ. ಸುಮ್ನೆ ನೋಡಿದರೆ ಹಳ್ಳಿ ಶಾಲೆಯೋ ಏನೋ ಅನ್ನಿಸಬೇಕು, ಅಷ್ಟು ಸಾದಾ ಕಟ್ಟಡ. ಅದರ ಹೆಸರು ಮಾತ್ರ ಓದಿದವರನ್ನು ಒಂದು ಕ್ಷಣ ನಿಲ್ಲಿಸುತ್ತದೆ: 'ಬೀಚರ್ ಬೈಬಲ್ ಅಂಡ್ ರೈಫಲ್ ಚರ್ಚ್'.

ದೇವರ ಮನೆಗೆ ಬಂದೂಕಿನ ಹೆಸರು ಯಾಕೆ? ಬೀಚರ್ ಯಾರು? 2026ರ ಜುಲೈ 4ಕ್ಕೆ ಅಮೆರಿಕ ಸ್ವಾತಂತ್ರ್ಯ ಘೋಷಿಸಿ 250 ವರ್ಷ. ಆ ದೇಶದ ಕಥೆ ಹೇಳುವಾಗ ಗುಲಾಮಗಿರಿಯ ಭಾಗವನ್ನು ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಅನ್ನುವ ಚರ್ಚೆ ಅಲ್ಲಿ ಮತ್ತೆ ಜೋರಾಗಿದೆ. ಆ ಚರ್ಚೆಯ ಬೇರು ಹಿಡಿಯಬೇಕು ಅಂದರೆ ಈ ಚಿಕ್ಕ ಚರ್ಚಿನಿಂದ ಶುರು ಮಾಡುವುದು ಸುಲಭ. ಮತ, ಕಾನೂನು, ದುಡ್ಡು, ಬಂದೂಕು, ಓಡಿಹೋದವರು, ಅವರನ್ನು ಬಚ್ಚಿಟ್ಟವರು, ಎಲ್ಲ ಇದರೊಳಗೇ ಇದೆ.

ಮೊದಲು, ಗುಲಾಮಗಿರಿ ಅಂದರೆ ಅಲ್ಲಿ ಏನಿತ್ತು?

ನಮ್ಮಲ್ಲಿ ಈ ಮಾತು ಕೇಳಿದ ಕೂಡಲೇ ಜೀತ ನೆನಪಾಗುತ್ತದೆ. ಎರಡೂ ಕ್ರೂರ, ಆದರೆ ಕಾನೂನಿನ ಲೆಕ್ಕದಲ್ಲಿ ಬೇರೆ ಬೇರೆ. ಜೀತಕ್ಕೆ ಸಾಲದ ನೆಪ ಇರುತ್ತಿತ್ತು. ಅಮೆರಿಕದಲ್ಲಿ ನೆಪವೂ ಬೇಕಿರಲಿಲ್ಲ. ಆಫ್ರಿಕಾ ಮೂಲದ ಮನುಷ್ಯ ಅಲ್ಲಿ ಒಡೆಯನ ಆಸ್ತಿ. ಮಾರಬಹುದು, ಅಡ ಇಡಬಹುದು, ಉಯಿಲಿನಲ್ಲಿ ಮಗನಿಗೆ ಬರೆದಿಡಬಹುದು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. 1860ರ ಜನಗಣತಿಯ ಹೊತ್ತಿಗೆ ಹೀಗೆ ಬದುಕುತ್ತಿದ್ದವರು ಸುಮಾರು 40 ಲಕ್ಷ. ದಕ್ಷಿಣದ ಹತ್ತಿ ಹೊಲಗಳ ಹಣ ನಿಂತಿದ್ದೇ ಇವರ ದುಡಿಮೆಯ ಮೇಲೆ.

ಉತ್ತರದ ರಾಜ್ಯಗಳು ಒಂದೊಂದಾಗಿ ಇದನ್ನು ಕೈಬಿಟ್ಟಿದ್ದವು. ಹಾಗಂತ ಉತ್ತರದವರೆಲ್ಲ ಮೊದಲಿನಿಂದಲೂ ಸಾಧುಗಳು ಅಂದುಕೊಳ್ಳಬೇಡಿ. ನಮ್ಮ ಕಥೆಯ ಜನ ಹೊರಟ ಕನೆಕ್ಟಿಕಟ್ ರಾಜ್ಯದಲ್ಲೇ ಗುಲಾಮಗಿರಿ ಪೂರ್ತಿ ಹೋಗಿದ್ದು 1848ರಲ್ಲಿ. ಅಂದರೆ ಅವರು ಹೊರಡುವುದಕ್ಕೆ ಬರೀ ಎಂಟು ವರ್ಷ ಮುಂಚೆ.

ಗುಲಾಮಗಿರಿಯ ವಿರೋಧಿಗಳಲ್ಲೂ ಎರಡು ಬಗೆಯವರಿದ್ದರು. ಇದು ಎಲ್ಲ ಕಡೆ, ಈಗಲೇ ಕೊನೆಯಾಗಬೇಕು ಅನ್ನುವವರನ್ನು ಅಬಾಲಿಷನಿಸ್ಟರು ಎನ್ನುತ್ತಿದ್ದರು. ಇರುವ ಕಡೆ ಇರಲಿ, ಹೊಸ ನೆಲಕ್ಕೆ ಹಬ್ಬದಿದ್ದರೆ ಸಾಕು ಅನ್ನುವವರು ಫ್ರೀ ಸಾಯಿಲ್ (ಸ್ವತಂತ್ರ ನೆಲ) ನಿಲುವಿನವರು. ಎರಡನೆಯ ಗುಂಪು ದೊಡ್ಡದು. ಕಾನ್ಸಾಸ್ ಕಥೆಯಲ್ಲಿ ಈ ವ್ಯತ್ಯಾಸ ಮತ್ತೆ ಬರುತ್ತದೆ.

ಜಗಳ ಕಾನ್ಸಾಸ್‌ನಲ್ಲೇ ಯಾಕೆ ಹತ್ತಿಕೊಂಡಿತು?

ಅಮೆರಿಕ ಪಶ್ಚಿಮಕ್ಕೆ ಬೆಳೆಯುತ್ತಾ ಹೋದಂತೆ ಪ್ರತಿ ಹೊಸ ರಾಜ್ಯಕ್ಕೂ ಒಂದೇ ಪ್ರಶ್ನೆ: ಇಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ? ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ರಾಜ್ಯಕ್ಕೂ ಸೆನೆಟ್‌ನಲ್ಲಿ ಎರಡು ಸೀಟು. ಆದ್ದರಿಂದ ಒಂದು ರಾಜ್ಯ ಯಾವ ಕಡೆ ವಾಲುತ್ತದೆ ಅನ್ನುವುದು ಇಡೀ ದೇಶದ ಕಾನೂನನ್ನೇ ತಿರುಗಿಸಬಹುದಿತ್ತು. 1854ರಲ್ಲಿ ಗುಲಾಮಗಿರಿ ಇಲ್ಲದ ರಾಜ್ಯ 16, ಇರುವ ರಾಜ್ಯ 15. ತಕ್ಕಡಿ ಎಷ್ಟು ಸೂಕ್ಷ್ಮವಾಗಿತ್ತು ನೋಡಿ.

1820ರಲ್ಲಿ ಒಂದು ರಾಜಿ ಆಗಿತ್ತು. ನಕ್ಷೆಯ ಮೇಲೆ 36 ಡಿಗ್ರಿ 30 ಮಿನಿಟಿಗೆ ಒಂದು ಗೆರೆ. ಪಶ್ಚಿಮದ ಆ ಸೀಮೆಯಲ್ಲಿ ಮಿಸೌರಿಯೊಂದನ್ನು ಬಿಟ್ಟು ಗೆರೆಯಿಂದ ಮೇಲೆ ಗುಲಾಮಗಿರಿ ಇಲ್ಲ ಅಂತ ಒಪ್ಪಂದ. ಕಾನ್ಸಾಸ್ ಇದ್ದಿದ್ದು ಗೆರೆಯಿಂದ ಮೇಲಕ್ಕೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ರಾಜಿ ಬಾಳಿತು. 1854ರ ಮೇ 30ರಂದು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಸಹಿ ಹಾಕಿದ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆ ಅದನ್ನು ಕಿತ್ತುಹಾಕಿತು. ಕಾಯ್ದೆಯ ಹಿಂದೆ ಇದ್ದವರು ಸೆನೆಟರ್ ಸ್ಟೀಫನ್ ಡಗ್ಲಸ್. ಗುಲಾಮಗಿರಿ ಬೇಕೋ ಬೇಡವೋ ಅನ್ನುವುದನ್ನು ಅಲ್ಲಿ ನೆಲೆಸುವ ಜನರೇ ತೀರ್ಮಾನಿಸಲಿ ಎಂದು ಅದು ಹೇಳಿತು.

ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಎಲ್ಲಿ ಅಂದರೆ, ಹೊಸದಾಗಿ ಬಿಟ್ಟ ಒಂದು ಲೇಔಟ್ ಇದೆ ಅಂದುಕೊಳ್ಳಿ. ನಿಯಮ ಏನಿರಬೇಕು ಅಂತ ಮೊದಲು ಬಂದು ಮನೆ ಕಟ್ಟಿದವರು ಓಟು ಹಾಕಿ ತೀರ್ಮಾನಿಸುತ್ತಾರೆ. ಅಂದಮೇಲೆ ಎರಡು ಬಣಗಳೂ ಏನು ಮಾಡುತ್ತವೆ? ರಾತ್ರೋರಾತ್ರಿ ತಮ್ಮ ನೆಂಟರಿಷ್ಟರನ್ನು ಕಳಿಸಿ ಶೆಡ್ ಹಾಕಿಸುತ್ತವೆ. ಕಾನ್ಸಾಸ್‌ನಲ್ಲಿ ಆಗಿದ್ದು ಇದೇ. ಅಷ್ಟೂ ಸಾಲದು ಅಂತ ಮತದಾರರ ಪಟ್ಟಿ ನೋಡಿಕೊಳ್ಳುವ ಗಟ್ಟಿ ಸರ್ಕಾರವೂ ಅಲ್ಲಿರಲಿಲ್ಲ.

ಪಕ್ಕದ ಮಿಸೌರಿ ಗುಲಾಮಗಿರಿಯ ರಾಜ್ಯ. 1850ರಲ್ಲಿ ಅಲ್ಲಿ 87 ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಪೂರ್ವಕ್ಕೆ ಇಲಿನಾಯ್, ಉತ್ತರಕ್ಕೆ ಅಯೋವ, ಎರಡೂ ಗುಲಾಮಗಿರಿ ಇಲ್ಲದ ರಾಜ್ಯಗಳು. ಪಶ್ಚಿಮದ ಕಾನ್ಸಾಸ್ ಕೂಡ ಆ ಕಡೆ ಸೇರಿದರೆ ಮೂರು ದಿಕ್ಕಿನಲ್ಲೂ ಗುಲಾಮರು ಓಡಿಹೋಗಲು ಬಾಗಿಲು ತೆರೆದಂತೆ. ಮಿಸೌರಿಯ ಒಡೆಯರ ಭಯ ಇದು.

ಇತ್ತ ಉತ್ತರದವರು 1854ರಲ್ಲೇ ಕಂಪನಿ ಕಟ್ಟಿದರು. ನ್ಯೂ ಇಂಗ್ಲೆಂಡ್ ಎಮಿಗ್ರಂಟ್ ಏಡ್ ಕಂಪನಿ ಅಂತ ಹೆಸರು. ಕಾನ್ಸಾಸ್‌ಗೆ ಹೋಗುವವರಿಗೆ ಕಡಿಮೆ ದರದ ಟಿಕೆಟ್, ಅಲ್ಲಿ ಮರ ಕೊಯ್ಯುವ ಮಿಲ್ಲು, ತಂಗಲು ಜಾಗ ಇವೆಲ್ಲ ಅದರ ಕೆಲಸ. ಲಾರೆನ್ಸ್ ಪಟ್ಟಣ ಹುಟ್ಟಿದ್ದು ಹೀಗೆ.

2,905 ಮತದಾರರು, 6,000ಕ್ಕೂ ಹೆಚ್ಚು ಓಟು

1855ರ ಮಾರ್ಚ್ 30ಕ್ಕೆ ಮೊದಲ ಶಾಸನಸಭೆಯ ಚುನಾವಣೆ. ಅದಕ್ಕೂ ಮುಂಚೆ ಮಾಡಿದ ಗಣತಿಯಲ್ಲಿ ಓಟಿನ ಹಕ್ಕು ಇದ್ದವರು 2,905 ಮಂದಿ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು 6,000ಕ್ಕೂ ಜಾಸ್ತಿ ಓಟು! ಮಿಸೌರಿಯಿಂದ ಸಾವಿರಾರು ಜನ ಕುದುರೆ, ಗಾಡಿ ಏರಿ, ಆಯುಧ ಹಿಡಿದು ಬಂದು ಓಟು ಒತ್ತಿ ವಾಪಸ್ ಹೋಗಿದ್ದರು. ಇವರಿಗೆ 'ಬಾರ್ಡರ್ ರಫಿಯನ್ಸ್' ಅಂತ ಹೆಸರು ಬಿತ್ತು. ಗಡಿಯ ಪುಂಡರು ಅನ್ನಿ.

ಹಾಗೆ ಗೆದ್ದ ಸಭೆ ಮಾಡಿದ ಕಾನೂನುಗಳನ್ನು ನೋಡಿದರೆ ಮುಂದಿನದು ಅರ್ಥವಾಗುತ್ತದೆ. ಗುಲಾಮನೊಬ್ಬ ತಪ್ಪಿಸಿಕೊಳ್ಳಲು ನೆರವಾದರೆ ಮರಣದಂಡನೆ, ಇಲ್ಲವೇ ಕನಿಷ್ಠ 10 ವರ್ಷ ಕಠಿಣ ಸಜೆ. 'ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ' ಅಂತ ಬಾಯಲ್ಲಿ ಹೇಳಿದರೂ, ಬರೆದರೂ ಕನಿಷ್ಠ 2 ವರ್ಷ ಜೈಲು. ಉತ್ತರದಿಂದ ಬಂದವರು ಇದನ್ನು 'ನಕಲಿ ಶಾಸನಸಭೆ' ಎಂದು ಕರೆದು ಟೊಪೀಕದಲ್ಲಿ ತಮ್ಮದೇ ಬೇರೆ ಸರ್ಕಾರ ಮಾಡಿಕೊಂಡರು. ಒಂದೇ ನೆಲ, ಎರಡು ಸರ್ಕಾರ. ಇಂಥ ಕಡೆ ಪೊಲೀಸರು ಯಾರ ಮಾತು ಕೇಳಬೇಕು?

ನ್ಯೂ ಹೇವನ್‌ನ ಆ ಸಂಜೆ

ಈಗ ಎರಡು ಸಾವಿರ ಕಿಲೋಮೀಟರ್ ಪೂರ್ವಕ್ಕೆ ಬನ್ನಿ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್, ಯೇಲ್ ಕಾಲೇಜಿನ ಊರು. ಚಾರ್ಲ್ಸ್ ಬಿ. ಲೈನ್ಸ್ ಎಂಬವರ ಮುಂದಾಳತ್ವದಲ್ಲಿ ಅಲ್ಲಿನ ಒಂದು ಗುಂಪು ಕಾನ್ಸಾಸ್‌ಗೆ ಹೊರಟು ನಿಂತಿತ್ತು. 1856ರ ಮಾರ್ಚ್‌ನಲ್ಲಿ ಅವರನ್ನು ಬೀಳ್ಕೊಡಲು ನಾರ್ತ್ ಚರ್ಚಿನಲ್ಲಿ ಸಭೆ. ಭಾಷಣಕ್ಕೆ ಬಂದವರು ಹೆನ್ರಿ ವಾರ್ಡ್ ಬೀಚರ್.

ಬೀಚರ್ ಆಗಿನ ಕಾಲಕ್ಕೆ ಅಮೆರಿಕದ ಅತಿ ಹೆಸರುವಾಸಿ ಪಾದ್ರಿ. ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ ಅವರ ಪ್ಲಿಮತ್ ಚರ್ಚ್. ಭಾನುವಾರ ಅವರ ಮಾತು ಕೇಳಲು ಜನ ಮುಗಿಬೀಳುತ್ತಿದ್ದರು. ಗುಲಾಮಗಿರಿಯ ವಿರುದ್ಧ ಕಾದಂಬರಿ ಬರೆದು ದೇಶವನ್ನೇ ಅಲುಗಿಸಿದ ಹ್ಯಾರಿಯೆಟ್ ಬೀಚರ್ ಸ್ಟೋವ್ ಇವರ ಅಕ್ಕ.

ಭಾಷಣ ಮುಗಿಯಿತು. ಹೊರಟವರ ಕೈಯಲ್ಲಿ ಆಯುಧ ಇಲ್ಲ ಅನ್ನುವ ಮಾತು ಬಂತು. ಆಗ ಮೊದಲು ಎದ್ದವರು ಯಾರು ಗೊತ್ತಾ? ಯೇಲ್‌ನ ರಸಾಯನಶಾಸ್ತ್ರದ ಹಿರಿಯ ಪ್ರೊಫೆಸರ್ ಬೆಂಜಮಿನ್ ಸಿಲ್ಲಿಮನ್. ವಯಸ್ಸು 76. ತಮ್ಮ ಲೆಕ್ಕಕ್ಕೆ ಒಂದು ಶಾರ್ಪ್ಸ್ ರೈಫಲ್ ಬರೆದುಕೊಳ್ಳಿ ಅಂದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ನಮ್ಮಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮೈಕಿನಲ್ಲಿ ಹೆಸರು ಕೂಗುವ ಹಾಗೆಯೇ ಇಲ್ಲೂ ಹೆಸರು ಕೂಗುತ್ತಾ ಹೋದರು. ಬೀಚರ್ ಎದ್ದು ಪಂಥ ಕಟ್ಟಿದರು: ಇಲ್ಲಿ ಸೇರಿದವರು 25 ಕೊಟ್ಟರೆ, ನನ್ನ ಚರ್ಚಿನವರು ಇನ್ನೊಂದು 25 ಕೊಡುತ್ತಾರೆ. ಆ ಸಂಜೆಯೇ ಲೆಕ್ಕ ತುಂಬಿತು.

ಒಂದು ರೈಫಲ್‌ಗೆ ಆಗ 25 ಡಾಲರ್. ಪ್ಲಿಮತ್ ಚರ್ಚಿನಿಂದ 625 ಡಾಲರ್ ಬಂತು, ಜೊತೆಗೆ 25 ಬೈಬಲ್. ಹೀಗೆ ಬೈಬಲ್ಲೂ ಬಂದೂಕೂ ಸಮಸಮ. ಈ ಗುಂಪಿಗೆ 'ಬೀಚರ್ ಬೈಬಲ್ ಅಂಡ್ ರೈಫಲ್ ಕಾಲೊನಿ' ಎಂಬ ಹೆಸರು ಅಂಟಿಕೊಂಡಿದ್ದು ಇದರಿಂದ.

ಪಾದ್ರಿಯೊಬ್ಬ ಹೀಗೆ ಮಾಡಬಹುದೇ? ಆಗಲೂ ಜನ ಕೇಳಿದ ಪ್ರಶ್ನೆ ಇದು. ಬೀಚರ್ ವಾದವನ್ನು ಅದೇ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ವರದಿ ಮಾಡಿತ್ತು. ಕಾನ್ಸಾಸ್‌ನ ಗುಲಾಮಗಿರಿ ಬೆಂಬಲಿಗರ ಮಟ್ಟಿಗೆ ನೂರು ಬೈಬಲ್‌ಗಿಂತ ಒಂದು ಶಾರ್ಪ್ಸ್ ರೈಫಲ್‌ನಲ್ಲಿ ನೈತಿಕ ಬಲ ಹೆಚ್ಚು, ಅವರ ಮುಂದೆ ಬೈಬಲ್ ಓದುವುದೂ ಕಾಡೆಮ್ಮೆ ಮುಂದೆ ಓದುವುದೂ ಒಂದೇ ಅನ್ನುವ ಅರ್ಥದ ಮಾತು. ಹಿಂಸೆಯನ್ನು ಒಪ್ಪದ ಅಬಾಲಿಷನಿಸ್ಟರೂ ಆಗ ದೊಡ್ಡ ಸಂಖ್ಯೆಯಲ್ಲಿದ್ದರು. ಅವರಿಗೆ ಈ ಮಾತು ಹಿಡಿಸಲಿಲ್ಲ.

ಪೆಟ್ಟಿಗೆಯ ಮೇಲೆ 'ಬೈಬಲ್' ಅಂತ ಬರೆದಿದ್ದರಾ?

ಕಾನ್ಸಾಸ್‌ಗೆ ಹೋದ ಶಾರ್ಪ್ಸ್ ರೈಫಲ್‌ಗಳಿಗೆ 'ಬೀಚರನ ಬೈಬಲ್‌ಗಳು' ಎಂಬ ಅಡ್ಡಹೆಸರು ಬಿತ್ತು. ಇದರ ಜೊತೆಗೇ ಒಂದು ಕಥೆ ಬೆಳೆಯಿತು: 'ಬೈಬಲ್' ಅಂತ ಬರೆದ ಪೆಟ್ಟಿಗೆಗಳಲ್ಲಿ ಬಂದೂಕು ಅಡಗಿಸಿ ಕಳಿಸಿದರು ಅಂತ. ಇವತ್ತಿಗೂ ಎಲ್ಲ ಕಡೆ ಇದೇ ಕಥೆ ಓಡಾಡುತ್ತದೆ.

ನಡೆದಿದ್ದು ಸ್ವಲ್ಪ ಬೇರೆ. ಬೀಚರ್ ಪಂಥ ಕಟ್ಟುವುದಕ್ಕೂ ಒಂದು ವರ್ಷ ಮುಂಚೆ, 1855ರಲ್ಲಿ, ಲಾರೆನ್ಸ್‌ಗೆ ಹೋದ ಮೊದಲ ನೂರು ರೈಫಲ್‌ಗಳ ಪೆಟ್ಟಿಗೆ ಮೇಲೆ 'ಪುಸ್ತಕಗಳು' ಅಂತ ಬರೆದಿದ್ದು ಹೌದು. ನ್ಯೂ ಹೇವನ್‌ನವರ ಬಂದೂಕಿನ ವಿಷಯದಲ್ಲಿ ಗುಟ್ಟು ಏನೂ ಇರಲಿಲ್ಲ. ಸಭೆಯಲ್ಲಿ ಕೂಗಿ ಹೇಳಿದ್ದು, ಪತ್ರಿಕೆಯಲ್ಲಿ ಅಚ್ಚಾಗಿದ್ದು. ಬೀಚರ್ ಲೈನ್ಸ್‌ಗೆ ಬರೆದ ಕಾಗದವೂ ಅಚ್ಚಾಯಿತು. ಎಲ್ಲರ ಕಣ್ಣೆದುರು ಕೊಟ್ಟಿದ್ದಕ್ಕೇ ಅದಕ್ಕೆ ಅಷ್ಟು ಸದ್ದು. ಬಚ್ಚಿಟ್ಟ ಕಥೆಗಿಂತ ಇದೇ ಹೆಚ್ಚು ದಿಟ್ಟತನದ್ದು ಅಂತ ನನಗನ್ನಿಸುತ್ತದೆ.

ಆದರೆ ದಾರಿಯಲ್ಲಿ ಅಪಾಯ ಇದ್ದೇ ಇತ್ತು. ಕಾನ್ಸಾಸ್‌ಗೆ ಹೋಗುವ ಹೆದ್ದಾರಿ ಅಂದರೆ ಮಿಸೌರಿ ನದಿ, ಹಡಗು ಹೋಗಬೇಕಾದ್ದು ಮಿಸೌರಿ ರಾಜ್ಯದ ನಡುವೆಯೇ. 1856ರ ಅದೇ ಮಾರ್ಚ್‌ನಲ್ಲಿ 'ಅರೇಬಿಯ' ಎಂಬ ಉಗಿಹಡಗನ್ನು ಮಿಸೌರಿಯ ಲೆಕ್ಸಿಂಗ್ಟನ್‌ನಲ್ಲಿ ತಡೆದು 100 ಶಾರ್ಪ್ಸ್ ರೈಫಲ್ ಕಿತ್ತುಕೊಂಡರು. ಕಿತ್ತುಕೊಂಡವರಿಗೆ ಅವು ಪ್ರಯೋಜನಕ್ಕೆ ಬರಲಿಲ್ಲ, ಯಾಕೆಂದರೆ ಮುಖ್ಯ ಭಾಗವನ್ನು ಕಳಚಿ ಬೇರೆ ದಾರಿಯಲ್ಲಿ ಕಳಿಸಿದ್ದರು. ಅದೇ ಹಡಗು ಆ ಸೆಪ್ಟೆಂಬರ್‌ನಲ್ಲಿ ನದಿಯಲ್ಲಿ ಮುಳುಗಿತು. 1988ರಲ್ಲಿ ಒಂದು ಹೊಲ ಅಗೆದು ಅದನ್ನು ಹೊರತೆಗೆದರು. ನದಿ ಅಷ್ಟರಲ್ಲಿ ಪಾತ್ರ ಬದಲಿಸಿತ್ತು.

ಕಳಚಿದ ಆ ಮುಖ್ಯ ಭಾಗ ಯಾವುದು? ಶಾರ್ಪ್ಸ್ ರೈಫಲ್‌ನ ಬಲವೆಲ್ಲ ಅಲ್ಲೇ ಇತ್ತು. ಆಗಿನ ಮಾಮೂಲಿ ಬಂದೂಕಿಗೆ ಮದ್ದು, ಗುಂಡು ಎರಡನ್ನೂ ಕೊಳವೆಯ ಬಾಯಿಂದ ಹಾಕಿ ಸರಳಿನಿಂದ ಕುಟ್ಟಬೇಕು. ನಿಂತುಕೊಂಡೇ ಮಾಡುವ ಕೆಲಸ. ನಿಮಿಷಕ್ಕೆ ಎರಡೋ ಮೂರೋ ಗುಂಡು ಹಾರಿದರೆ ಹೆಚ್ಚು. ಶಾರ್ಪ್ಸ್‌ನಲ್ಲಿ ಕುದುರೆಯ (ಟ್ರಿಗರ್‌ನ) ಕೆಳಗಿನ ಬಳೆಯಂಥ ಹಿಡಿಯನ್ನು ಕೆಳಕ್ಕೆ ಎಳೆದರೆ ಕೊಳವೆಯ ಹಿಂಬದಿಯ ಉಕ್ಕಿನ ದಿಮ್ಮಿ ಜಾರಿ ಬಾಗಿಲಿನ ಹಾಗೆ ತೆರೆಯುತ್ತದೆ. ಕಾಗದದಲ್ಲಿ ಸುತ್ತಿದ ಮದ್ದು-ಗುಂಡಿನ ಪೊಟ್ಟಣ ತುರುಕಿ ಹಿಡಿ ಮೇಲೆತ್ತಿದರೆ ಆಯಿತು. ದಿಮ್ಮಿಯ ಅಂಚೇ ಕಾಗದವನ್ನು ಕತ್ತರಿಸಿ ಮದ್ದು ತೆರೆದಿಡುತ್ತದೆ. ಮಲಗಿಕೊಂಡೇ ತುಂಬಬಹುದು, ನಿಮಿಷಕ್ಕೆ ಎಂಟು ಹತ್ತು ಸಲ ಹೊಡೆಯಬಹುದು. ಕಡಿಮೆ ಜನ ಇರುವ ಗುಂಪಿಗೆ ಇದಕ್ಕಿಂತ ಬೇಕೇ? ಈ ಬಂದೂಕಿನ ಕಾರ್ಖಾನೆ ಇದ್ದಿದ್ದೂ ಕನೆಕ್ಟಿಕಟ್‌ನಲ್ಲೇ, ಹಾರ್ಟ್‌ಫರ್ಡ್‌ನಲ್ಲಿ.

ಊರು ಕಟ್ಟಿದರು, ಆಮೇಲೆ ಚರ್ಚ್ ಕಟ್ಟಿದರು

ಮಾರ್ಚ್ ಕೊನೆಗೆ ಹೊರಟ 60-70 ಮಂದಿ ಏಪ್ರಿಲ್ ಕೊನೆಯ ಹೊತ್ತಿಗೆ ಕಾನ್ಸಾಸ್ ನದಿಯ ದಂಡೆಯ ವಬಾನ್ಸಿ ತಲುಪಿದರು. ರೈಲು, ಉಗಿಹಡಗು, ಕೊನೆಗೆ ಎತ್ತಿನ ಗಾಡಿ. ಬಂದವರಲ್ಲಿ ಪಟ್ಟಣದ ಜನ ಜಾಸ್ತಿ. ನೇಗಿಲು ಹಿಡಿದು ಗೊತ್ತಿಲ್ಲದವರು ಎದೆಮಟ್ಟದ ಹುಲ್ಲು ಬೆಳೆದ ನೆಲವನ್ನು ಉಳಬೇಕಿತ್ತು. ಮೊದಲ ವರ್ಷ ಜ್ವರ, ಚಳಿ, ಊಟದ ಕೊರತೆ. ಸೋತು ವಾಪಸ್ ಹೋದವರೂ ಇದ್ದಾರೆ.

ಅವರು ಬಂದ ತಿಂಗಳೊಳಗೆ ಕಾನ್ಸಾಸ್ ಹೊತ್ತಿ ಉರಿಯಿತು. 1856ರ ಮೇ 21ರಂದು ಗುಲಾಮಗಿರಿ ಪರ ಗುಂಪು ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ಹೋಟೆಲ್ ಸುಟ್ಟಿತು, ಪತ್ರಿಕೆಗಳ ಅಚ್ಚುಯಂತ್ರ ಒಡೆದು ಹಾಕಿತು. ಮರುದಿನ ವಾಷಿಂಗ್ಟನ್‌ನಲ್ಲಿ ಸೆನೆಟ್ ಸಭಾಂಗಣದೊಳಗೇ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣದ ಸಂಸದನೊಬ್ಬ ಬೆತ್ತದಿಂದ ಪ್ರಜ್ಞೆ ತಪ್ಪುವ ತನಕ ಬಡಿದ. ಸಮ್ನರ್ ಕಾನ್ಸಾಸ್ ಬಗ್ಗೆ ಮಾತಾಡಿದ್ದೇ ತಪ್ಪು. ಅದಾದ ಎರಡು ದಿನಕ್ಕೆ, ಮೇ 24ರ ರಾತ್ರಿ, ಜಾನ್ ಬ್ರೌನ್ ಎಂಬ ಅಬಾಲಿಷನಿಸ್ಟ್ ಮತ್ತವನ ಗುಂಪು ಪೊಟವಾಟಮಿ ಹಳ್ಳದ ಬಳಿ ಗುಲಾಮಗಿರಿ ಪರವಿದ್ದ ಐವರನ್ನು ಮನೆಯಿಂದ ಎಳೆತಂದು ಕತ್ತಿಯಿಂದ ಕಡಿಯಿತು. ಪತ್ರಿಕೆಗಳು ಈ ನೆಲವನ್ನು 'ರಕ್ತ ಸುರಿಸುವ ಕಾನ್ಸಾಸ್' ಎಂದು ಕರೆದವು.

ವಬಾನ್ಸಿಯವರು 'ಪ್ರೇರಿ ಗಾರ್ಡ್ಸ್' ಎಂಬ ಕಾವಲು ಪಡೆ ಕಟ್ಟಿಕೊಂಡರು. ಅದರ ಕ್ಯಾಪ್ಟನ್ ವಿಲಿಯಂ ಮಿಚೆಲ್. ಲಾರೆನ್ಸ್‌ಗೆ ಮತ್ತೆ ಅಪಾಯ ಬಂದಾಗ ಇವರು ಆ ಬಂದೂಕುಗಳ ಸಮೇತ ಕಾವಲಿಗೆ ಹೋದರು.

1857ರಲ್ಲಿ ಊರಿನವರು ಸೇರಿ ಚರ್ಚಿನ ಸಭೆಯಾಗಿ ಸಂಘಟಿತರಾದರು. ಅಧಿಕೃತ ಹೆಸರು 'ವಬಾನ್ಸಿಯ ಫಸ್ಟ್ ಚರ್ಚ್ ಆಫ್ ಕ್ರೈಸ್ಟ್'. ಇವರು ಕಾಂಗ್ರಿಗೇಷನಲ್ ಪಂಥದವರು. ಈ ಪಂಥದಲ್ಲಿ ಬಿಷಪ್ ಇಲ್ಲ. ಪ್ರತಿ ಚರ್ಚೂ ಸ್ವತಂತ್ರ. ಪಾದ್ರಿ ಯಾರಾಗಬೇಕು, ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ಸದಸ್ಯರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಗುಲಾಮಗಿರಿಯ ವಿಷಯದಲ್ಲಿ ಕೆಲವು ದೊಡ್ಡ ಪಂಥಗಳು ಉತ್ತರ, ದಕ್ಷಿಣ ಅಂತ ಒಡೆದುಹೋದ ಕಾಲದಲ್ಲಿ, ಮೇಲಿನವರ ಅಪ್ಪಣೆಗೆ ಕಾಯದೆ ಒಂದು ಊರಿನ ಚರ್ಚ್ ತನ್ನ ನಿಲುವು ತಾನೇ ತೆಗೆದುಕೊಳ್ಳಲು ಆಗಿದ್ದು ಈ ಪದ್ಧತಿಯಿಂದ. ಕನ್ನಡಿಗರಿಗೆ ಈ ಪಂಥ ಪೂರಾ ಹೊಸದೇನಲ್ಲ. ಬಳ್ಳಾರಿಗೆ 1810ರಲ್ಲಿ ಬಂದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್, ಶಾಸನತಜ್ಞ ಬಿ. ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಇಬ್ಬರೂ ಕೆಲಸ ಮಾಡಿದ ಲಂಡನ್ ಮಿಷನ್‌ನಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಕಾಂಗ್ರಿಗೇಷನಲ್ ಪಂಥದವರೇ.

ಈಗ ಕಾಣುವ ಕಲ್ಲಿನ ಕಟ್ಟಡ ಆಮೇಲಿನದು. 1859ರ ಸುಮಾರಿಗೆ ಶುರುವಾಗಿ 1862ರ ಮೇನಲ್ಲಿ ಪ್ರತಿಷ್ಠೆ ಆಯಿತು. ಕಲ್ಲು ಅಲ್ಲಿಯದೇ, ಫ್ಲಿಂಟ್ ಹಿಲ್ಸ್ ಗುಡ್ಡಗಳ ಸುಣ್ಣಕಲ್ಲು. ಅಷ್ಟರಲ್ಲಿ ಇಡೀ ದೇಶವೇ ಅಂತರ್ಯುದ್ಧಕ್ಕೆ ಇಳಿದಿತ್ತು.

ಹಳಿ ಇಲ್ಲದ ರೈಲು

ಈ ಊರಿನ ಇನ್ನೊಂದು ಕೆಲಸ ಕತ್ತಲಲ್ಲಿ ನಡೆಯುತ್ತಿತ್ತು. ಅದಕ್ಕೆ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಅಂತ ಹೆಸರು. ಹೆಸರು ಕೇಳಿ ಸುರಂಗ, ರೈಲು ಅಂದುಕೊಳ್ಳಬೇಡಿ. ತಪ್ಪಿಸಿಕೊಂಡ ಗುಲಾಮರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಗುಟ್ಟಾಗಿ ದಾಟಿಸುವ ಜನರ ಸರಪಳಿ ಅದು. ಬಚ್ಚಿಡುವ ಮನೆಗೆ 'ಸ್ಟೇಷನ್', ದಾರಿ ತೋರುವವನಿಗೆ 'ಕಂಡಕ್ಟರ್' ಅನ್ನುತ್ತಿದ್ದರು.

ಉತ್ತರದ ಸ್ವತಂತ್ರ ರಾಜ್ಯ ಮುಟ್ಟಿದರೂ ಓಟ ಮುಗಿಯುತ್ತಿರಲಿಲ್ಲ. 1850ರ ಕಾಯ್ದೆಯ ಪ್ರಕಾರ ಓಡಿಬಂದವರನ್ನು ದೇಶದ ಯಾವ ಮೂಲೆಯಿಂದಲೂ ಹಿಡಿದು ಒಡೆಯನಿಗೆ ಒಪ್ಪಿಸಬಹುದಿತ್ತು. ಬಚ್ಚಿಟ್ಟವರಿಗೆ 1,000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು. ವಿಚಾರಣೆ ಮಾಡುವ ಅಧಿಕಾರಿಗೆ, ಹಿಡಿದವರನ್ನು ಒಡೆಯನ ಕೈಗೆ ಕೊಟ್ಟರೆ 10 ಡಾಲರ್ ಫೀಸು, ಬಿಟ್ಟರೆ 5 ಡಾಲರ್! ಇದು ಕಾನೂನಿನಲ್ಲೇ ಬರೆದಿತ್ತು. ಅದಕ್ಕೇ ಎಷ್ಟೋ ಜನ ಕೆನಡಾ ಮುಟ್ಟುವ ತನಕ ನಿಲ್ಲುತ್ತಿರಲಿಲ್ಲ.

ಕಾನ್ಸಾಸ್ ದಾರಿ ಹೀಗಿತ್ತು. ಮಿಸೌರಿಯಿಂದ ತಪ್ಪಿಸಿಕೊಂಡವರು ಲಾರೆನ್ಸ್, ಟೊಪೀಕ ಮೂಲಕ ಬಂದು ಉತ್ತರಕ್ಕೆ ನೆಬ್ರಾಸ್ಕ, ಅಯೋವ ಕಡೆ ಹೋಗುತ್ತಿದ್ದರು. ಗಡಿಯಿಂದ ಇನ್ನಷ್ಟು ಪಶ್ಚಿಮಕ್ಕಿದ್ದ ವಬಾನ್ಸಿ ಸುತ್ತು ದಾರಿ, ಬೆನ್ನಟ್ಟುವವರ ಕಣ್ಣಿಗೆ ಬೇಗ ಬೀಳದ ದಾರಿ. ಕ್ಯಾಪ್ಟನ್ ಮಿಚೆಲ್ ಅವರ ಮರದ ದಿಮ್ಮಿಯ ಮನೆ ಇಲ್ಲಿನ ಸ್ಟೇಷನ್ ಆಗಿತ್ತು. ಆ ಜಮೀನಿನ ಪಕ್ಕದ ಗುಡ್ಡಕ್ಕೆ ಇವತ್ತೂ ಮೌಂಟ್ ಮಿಚೆಲ್ ಅಂತಲೇ ಹೆಸರು. ಹಳೆಯ ಹುಲ್ಲುಗಾವಲನ್ನು ಅಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ.

ಈ ದಾರಿಯಲ್ಲಿ ಬಂದವರ ಹೆಸರು ಹೆಚ್ಚಾಗಿ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವುದೇ ಅಪಾಯ ಅಲ್ವಾ? ಉಳಿದುಬಂದ ಕೆಲವೇ ಹೆಸರುಗಳಲ್ಲಿ ಆ್ಯನ್ ಕ್ಲಾರ್ಕ್ ಎಂಬ ಹೆಂಗಸಿನದು ಒಂದು. ಕಾನ್ಸಾಸ್‌ನ ಗುಲಾಮಗಿರಿ ಪರ ಸರ್ಕಾರದ ರಾಜಧಾನಿ ಲೆಕಾಂಪ್ಟನ್ ಬಳಿಯ ಒಡೆಯನಿಂದ ತಪ್ಪಿಸಿಕೊಂಡಳು. ಬಹುಮಾನದ ಆಸೆಗೆ ಹುಡುಕುತ್ತಿದ್ದವರು ಹಿಡಿದರು. ಅವರ ಕಣ್ಣು ತಪ್ಪಿಸಿ ಮತ್ತೆ ಓಡಿದಳು, ಕೊರಕಲಿನಲ್ಲಿ ಅಡಗಿದಳು. ಕೊನೆಗೆ ಟೊಪೀಕದ ಒಂದು ಮನೆಯ ನೆಲಮಾಳಿಗೆಗೆ ತಲುಪಿದಳು. ಅಲ್ಲಿ ಒಂದು ದೊಡ್ಡ ಪೀಪಾಯಿಯೊಳಗೆ ಹಾಸಿಗೆ ಹಾಸಿ ಅವಳನ್ನು ವಾರಗಟ್ಟಲೆ ಬಚ್ಚಿಟ್ಟಿದ್ದರು. ಮೇಲೆ ಮನೆಯಲ್ಲಿ ದಿನಾ ಬೇರೆ ಜನ ಊಟಕ್ಕೆ ಬಂದು ಹೋಗುತ್ತಿದ್ದರು. 1857ರ ಚಳಿಗಾಲದಲ್ಲಿ ಜಾನ್ ಆರ್ಮ್‌ಸ್ಟ್ರಾಂಗ್ ಎಂಬ ಯುವಕ ಮುಚ್ಚಿದ ಗಾಡಿಯಲ್ಲಿ ಅವಳನ್ನು ಅಯೋವ ತನಕ ಮುಟ್ಟಿಸಿದ. ಎರಡು ಸಲ ಓಡಿದ ಧೈರ್ಯ ಮಾತ್ರ ಅವಳದೇ. ಚರ್ಚು, ಬೀಚರ್, ಬಂದೂಕು ಅಂತ ಹೇಳುವ ಭರದಲ್ಲಿ ಇದನ್ನು ಮರೆಯುವುದು ಸುಲಭ.

ಬಂದವರೆಲ್ಲ ಸಮಾನತೆ ಬಯಸಿದವರೇ?

ಅಲ್ಲ. ಮೊದಲೇ ಹೇಳಿದ ಎರಡು ಬಗೆ ನೆನಪಿದೆಯಲ್ಲ. ಕಾನ್ಸಾಸ್‌ಗೆ ಬಂದ ಗುಲಾಮಗಿರಿ ವಿರೋಧಿಗಳಲ್ಲಿ ಎಷ್ಟೋ ಜನರಿಗೆ ಗುಲಾಮರೂ ಬೇಡ, ಸ್ವತಂತ್ರ ಕಪ್ಪು ಜನರೂ ಬೇಡ. ಗುಲಾಮರ ದುಡಿಮೆ ಬಂದರೆ ತಮ್ಮ ಕೂಲಿ ಇಳಿಯುತ್ತದೆ ಅನ್ನುವುದಷ್ಟೇ ಅವರ ಚಿಂತೆ. 1855ರ ಡಿಸೆಂಬರ್‌ನಲ್ಲಿ ಟೊಪೀಕ ಸಂವಿಧಾನದ ಜೊತೆಗೆ 'ಕಪ್ಪು ಜನರಿಗೆ ಕಾನ್ಸಾಸ್‌ನೊಳಗೆ ಪ್ರವೇಶವೇ ಬೇಡ' ಎಂಬ ಪ್ರಶ್ನೆಯನ್ನೂ ಓಟಿಗೆ ಹಾಕಿದಾಗ ಬಹುಮತ ಅದರ ಪರವೇ ಬಂತು. ವಬಾನ್ಸಿಯಂಥ ಊರು ಆ ಹೊತ್ತಿನ ಕಾನ್ಸಾಸ್‌ನ ಸಾಮಾನ್ಯ ಚಿತ್ರ ಅಲ್ಲ.

ಇನ್ನೊಂದು ವಿಷಯ, ನೆಲದ್ದು. ಈ 'ಹೊಸ ನೆಲ' ಖಾಲಿ ಬಿದ್ದಿರಲಿಲ್ಲ. ಅಲ್ಲಿ ಕಾ ಜನರಿದ್ದರು. ಕಾನ್ಸಾಸ್ ಎಂಬ ಹೆಸರು ಬಂದಿದ್ದೇ ಅವರಿಂದ. ಪೊಟವಾಟಮಿ ಜನರಿದ್ದರು, ಅವರನ್ನು ಪೂರ್ವದ ಅವರ ಸ್ವಂತ ನೆಲದಿಂದ ಎಬ್ಬಿಸಿ ಇಲ್ಲಿಗೆ ತಳ್ಳಿದ್ದು ಸರ್ಕಾರವೇ. ವಬಾನ್ಸಿ ಅನ್ನುವುದೂ ಪೊಟವಾಟಮಿ ನಾಯಕನೊಬ್ಬನ ಹೆಸರು. 1873ರಲ್ಲಿ ಕಾ ಜನರನ್ನು ಇಲ್ಲಿಂದಲೂ ಎಬ್ಬಿಸಿ ಇಂದಿನ ಓಕ್ಲಹೋಮಕ್ಕೆ ಕಳಿಸಿದರು. ಗುಲಾಮಗಿರಿ ಬೇಡ ಅಂದವರೂ, ಬೇಕು ಅಂದವರೂ ಕಾದಾಡಿದ್ದು ಮೂರನೆಯವರ ಜಾಗದಲ್ಲಿ.

ಕೊನೆಗೆ ಯಾರು ಗೆದ್ದರು?

ಬಂದೂಕಿಗಿಂತ ಹೆಚ್ಚಾಗಿ ತೀರ್ಮಾನ ಮಾಡಿದ್ದು ತಲೆ ಎಣಿಕೆ. ಉತ್ತರದಿಂದ ಬಂದು ನಿಂತವರ ಸಂಖ್ಯೆ ಬೆಳೆಯುತ್ತಾ ಹೋಯಿತು. ಮಿಸೌರಿಯವರು ಓಟು ಹಾಕಿ ಹೋದರು, ಇವರು ಮನೆ ಕಟ್ಟಿ ಉಳಿದರು. ಗುಲಾಮಗಿರಿ ಪರ ಬರೆದ ಲೆಕಾಂಪ್ಟನ್ ಸಂವಿಧಾನದ ಭವಿಷ್ಯ 1858ರ ಆಗಸ್ಟ್‌ನಲ್ಲಿ ಜನರ ಮುಂದೆ ಬಂದಾಗ ಪರ 1,788, ವಿರುದ್ಧ 11,300 ಓಟು ಬಿತ್ತು. ಮೂರೇ ವರ್ಷದ ಹಿಂದಿನ ಚುನಾವಣೆ ಜೊತೆ ಹೋಲಿಸಿ ನೋಡಿ. 1861ರ ಜನವರಿ 29ರಂದು ಕಾನ್ಸಾಸ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಕ್ಕೂಟ ಸೇರಿತು. ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರು. 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ದೇಶದಲ್ಲೆಲ್ಲ ಗುಲಾಮಗಿರಿಗೆ ಕೊನೆ ಹಾಡಿತು. 1879ರಲ್ಲಿ ದಕ್ಷಿಣದಿಂದ ಸಾವಿರಾರು ಕಪ್ಪು ಕುಟುಂಬಗಳು ಕಾನ್ಸಾಸ್‌ನ ಹೆಸರು ಕೇಳಿಯೇ ಗಂಟುಮೂಟೆ ಕಟ್ಟಿ ಇತ್ತ ಬಂದವು.

ವಬಾನ್ಸಿ ಮಾತ್ರ ಊರಾಗಿ ಬೆಳೆಯಲಿಲ್ಲ. 1860ರ ದಶಕದಲ್ಲಿ ನಿಜವಾದ ರೈಲು ಬಂತು, ಆದರೆ ಹಳಿ ಹಾಕಿದ್ದು ನದಿಯ ಆಚೆ ದಡದಲ್ಲಿ, ವಾಮಿಗೋ ಊರಿನ ಕಡೆ. ಅಂಗಡಿ, ವ್ಯಾಪಾರ ಎಲ್ಲ ಅತ್ತ ಹೋಯಿತು. ಚರ್ಚ್ ಕಟ್ಟಡವನ್ನು 1971ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಅದನ್ನು ನೋಡಬೇಕು ಅನ್ನಿಸಿದರೆ ಮ್ಯಾನ್‌ಹ್ಯಾಟನ್ ಊರಿನಿಂದ ಪೂರ್ವಕ್ಕೆ ಅರ್ಧ ಗಂಟೆಯೊಳಗಿನ ದಾರಿ. ನ್ಯೂಯಾರ್ಕಿನದಲ್ಲ, ಕಾನ್ಸಾಸ್‌ನಲ್ಲೂ ಒಂದು ಮ್ಯಾನ್‌ಹ್ಯಾಟನ್ ಇದೆ.